ಬರಿಗೈಲೆ ಹೋಗಬಾರದು

ನಮ್ಮ ದೊಡ್ಡವ್ವ ಯಾವ ಗಳಿಗೆಯಲ್ಲಾದರೂ ಸಾಯುವುದಕ್ಕೆ ತಯಾರಿದ್ದಳು. ಕಸ ಹೊಡೆಯುವುದಕ್ಕೆ ಮಾತ್ರ ಸುತರಾಂ ತಯಾರಿರಲಿಲ್ಲ!

ಸೋಮಾರಿ ಎಂದುಕೊಳ್ಳಬೇಡಿ. ಹಿರೇಕೊಟ್ನೆಕಲ್ಲಿನ ಕುರಿ ಕಾಯುವವರ ಮನೆಯಲ್ಲಿ ಹುಟ್ಟಿ, ದೇವದುರ್ಗದ ಶಾಲಾ ಮಾಸ್ತರರೊಬ್ಬರನ್ನು ಮದುವೆಯಾಗಿ, ಅರವತ್ತೆಂಟರ ವಯಸ್ಸಿನಲ್ಲೂ ಎರಡು ಎಮ್ಮೆ ಕಟ್ಟಿಕೊಂಡು ಓಣಿಗೆಲ್ಲ ಹಾಲು ಹಾಕುವ ಹೆಂಗಸು ಅವಳು. ಸಗಣಿ ಬಾಚುತ್ತಾಳೆ, ಮೇವಿನ ಹೊರೆ ಹೊರುತ್ತಾಳೆ, ಜಗಳ ಬಂದರೆ ಅದನ್ನೂ ಅರ್ಧಕ್ಕೆ ಬಿಡುವವಳಲ್ಲ. ಆದರೆ ಕಸಬರಿಗೆ ಕಂಡರೆ ನಾಲ್ಕು ಹೆಜ್ಜೆ ಹಿಂದೆ ಸರಿಯುತ್ತಿದ್ದಳು. ಅವಳ ಅಂಗಳವನ್ನು ದಿನಾ ಪಕ್ಕದ ಮನೆಯ ಸೊಸೆ ಬಂದು ಗುಡಿಸಿ, ಒಂದು ಚರಿಗೆ ಮಜ್ಜಿಗೆ ಒಯ್ಯುತ್ತಿದ್ದಳು. ಇದೇನು ದೊಡ್ಡವ್ವಾ ಎಂದು ನಾನು ಒಮ್ಮೆ ಕೇಳಿದೆ.

"ಕಸಬರಿಗಿ ಕೈಯಾಗ ಇದ್ದಾಗ ಜೀವ ಹೋತಂದ್ರ ಏನ್ ಮಾಡ್ಲಿ? ಅಲ್ಲಿಗೂ ಅದನ್ನ ಹಿಡ್ಕೊಂಡು ಹೋಗಬೇಕಾಗ್ತದ. ಇಲ್ಲಿ ಹೊಡದದ್ದು ಸಾಕಾಗಿಲ್ಲೇನು?"

"ಅಲ್ಲಿಗೆ ಅಂದ್ರ ಎಲ್ಲಿಗೆ?"

"ಮಾಸ್ತರು ಇದ್ದಲ್ಲಿಗೆ," ಎಂದಳು, ಕವಿತಾಳದ ಬಸ್ಸು ಎಲ್ಲಿ ನಿಲ್ಲುತ್ತದೆಂದು ಹೇಳುವಷ್ಟು ಸಲೀಸಾಗಿ.

ಮಾಸ್ತರು ಎಂದರೆ ಅವಳ ಗಂಡ, ನಮ್ಮ ದೊಡ್ಡಪ್ಪ. ತೀರಿಕೊಂಡು ಹತ್ತು ವರ್ಷದ ಮೇಲಾಗಿದೆ. ಈ ಮಾತು ತಿಳಿಯಬೇಕಾದರೆ ನಾನು ಒಂದು ಪುಸ್ತಕದ ವಿಷಯ ಹೇಳಬೇಕು.

ತೊಂಬತ್ತು ಪುಟದ ಸಣ್ಣ ಕಾದಂಬರಿ ಅದು. ಮುಖಪುಟ ಹರಿದುಹೋಗಿದೆ. ಅದರ ಸಂಗಡ ಪುಸ್ತಕದ ಹೆಸರೂ ಬರೆದವರ ಹೆಸರೂ ಹೋಗಿವೆ. ಬಹಳ ಹಳೆಯದು, ದೊಡ್ಡ ದೊಡ್ಡವರೆಲ್ಲ ಮೆಚ್ಚಿದ್ದು ಎಂದು ದೊಡ್ಡಪ್ಪ ಹೇಳುತ್ತಿದ್ದರಂತೆ. ಅದರಲ್ಲಿ ಒಬ್ಬ ಮುದಿ ನೇಕಾರ ಮೊದಲನೆಯ ಪುಟದಲ್ಲೇ ಸಾಯುತ್ತಾನೆ. ನಾಯಕನೇ ಇಷ್ಟು ಅವಸರ ಮಾಡಿದರೆ ಉಳಿದ ಎಂಬತ್ತೊಂಬತ್ತು ಪುಟದ ಗತಿಯೇನು ಎನ್ನುತ್ತೀರಾ? ಕತೆ ಶುರುವಾಗುವುದೇ ಆಮೇಲೆ! ಸತ್ತ ಮೇಲೆ ಅವನು ಹೋಗುವ ಊರಿನಲ್ಲಿ ಯಮನಿಲ್ಲ, ಚಿತ್ರಗುಪ್ತನಿಲ್ಲ, ಕುದಿಯುವ ಎಣ್ಣೆಯ ಕೊಪ್ಪರಿಗೆಯಿಲ್ಲ. ಬೇವಿನ ಮರಗಳಿವೆ, ಮರದ ಬುಡಕ್ಕೆ ಕಟ್ಟೆಗಳಿವೆ. ಮೊದಲೇ ಹೋದವರು ಕಟ್ಟೆಯ ಮೇಲೆ ಕೂತು ಮಾತಾಡುತ್ತಿರುತ್ತಾರೆ. ಹೊಸಬರು ಬಂದರೆ ಸ್ವಲ್ಪ ಸರಿದು ಜಾಗ ಕೊಡುತ್ತಾರೆ.

ಪುಸ್ತಕಗಳ ಪೆಟ್ಟಿಗೆಯೊಂದರಲ್ಲಿ ಇದು ಶಾಲೆಗೆ ಬಂದಿತ್ತು. ಸಾವಿನ ಕತೆ ಮಕ್ಕಳಿಗೇಕೆ ಎಂದು ಹೆಡ್‌ಮಾಸ್ತರರು ಪಕ್ಕಕ್ಕೆ ತೆಗೆದಿಟ್ಟದ್ದನ್ನು ದೊಡ್ಡಪ್ಪ ಕೇಳಿ ಮನೆಗೆ ತಂದರು. ದೊಡ್ಡವ್ವನಿಗೆ ಆಗ ಓದಲು ಬರುತ್ತಿರಲಿಲ್ಲ. ಸಂಜೆ ಅವಳು ಮೊರದಲ್ಲಿ ಜೋಳ ಹಸನು ಮಾಡುತ್ತ ಕೂತರೆ ಅವರು ದಿನಕ್ಕೊಂದು ಪುಟ ಓದುತ್ತಿದ್ದರು. ಮೂರು ತಿಂಗಳಿಗೆ ಮುಗಿಯಿತು. ಮತ್ತೆ ಮೊದಲಿನಿಂದ ಹಿಡಿದರು. ಹೀಗೆ ಎಷ್ಟು ಸಲವೋ ದೇವರಿಗೇ ಗೊತ್ತು. ಅದರ ಎರಡನೆಯ ಅಧ್ಯಾಯದಲ್ಲಿ ಆ ಊರಿನ ಕಾಯಿದೆ ಬರುತ್ತದಂತೆ: ಸಾಯುವ ಗಳಿಗೆಯಲ್ಲಿ ಕೈಯಲ್ಲಿ ಏನಿರುತ್ತದೋ ಅದು ಸಂಗಡ ಬರುತ್ತದೆ. ಪೆಟ್ಟಿಗೆಯಲ್ಲಿದ್ದದ್ದು ಬರುವುದಿಲ್ಲ, ಕೊರಳಲ್ಲಿದ್ದದ್ದು ಬರುವುದಿಲ್ಲ. ಕೈಯಲ್ಲಿದ್ದದ್ದು ಮಾತ್ರ.

ಇದು ದೊಡ್ಡವ್ವನಿಗೆ ತಕ್ಷಣ ಒಪ್ಪಿಗೆಯಾಯಿತು. ಆಗದೆ ಇರುತ್ತದೆಯೇ? ನಮ್ಮ ಕಡೆ ಯಾರ ಮನೆಗೂ ಬರಿಗೈಲೆ ಹೋಗುವ ಪದ್ಧತಿಯಿಲ್ಲ. ಬಾಣಂತಿಯನ್ನು ನೋಡಲು ಹೋಗಲಿ, ಬೇನೆ ಬಿದ್ದವರನ್ನು ನೋಡಲು ಹೋಗಲಿ, ಎರಡು ಬಾಳೆಹಣ್ಣಾದರೂ ಕೈಯಲ್ಲಿರಬೇಕು. ಹಾಗಿರುವಾಗ ಅಷ್ಟು ದೂರದ ಊರಿಗೆ, ಅದೂ ತಿರುಗಿ ಬರದ ಊರಿಗೆ, ಕೈ ಬೀಸಿಕೊಂಡು ಹೋಗಲಾಗುತ್ತದೆಯೇ?

ಒಂದು ದಿನ ಮಧ್ಯಾಹ್ನ ಹಲಗೆಯ ಮೇಲೆ ಭಾಗಾಕಾರ ಬಿಡಿಸುತ್ತಿದ್ದ ದೊಡ್ಡಪ್ಪ ಸುಸ್ತಾಯಿತೆಂದು ಕುರ್ಚಿಯ ಮೇಲೆ ಕೂತವರು ಮತ್ತೆ ಏಳಲಿಲ್ಲ. ಬೆರಳುಗಳ ನಡುವೆ ಸೀಮೆಸುಣ್ಣ ಹಾಗೇ ಇತ್ತು. ಚಸ್ಮಾ ಮಾತ್ರ ತೆಗೆದು ಹಾಜರಿ ಪುಸ್ತಕದ ಮೇಲೆ ಇಟ್ಟಿದ್ದರು. ದೊಡ್ಡವ್ವ ಎದೆ ಬಡಿದುಕೊಂಡು ಅತ್ತಳು. ಮೂರನೆಯ ದಿನ ಕಣ್ಣೊರೆಸಿಕೊಂಡು ಬಂಧುಬಳಗದ ಮುಂದೆ ತನ್ನ ನಿಜವಾದ ಸಂಕಟ ಹೇಳಿದಳು.

"ಚಾಕ್‌ಪೀಸ್ ಒಯ್ದಾರ, ಚಸ್ಮಾ ಬಿಟ್ಟು ಹೋಗ್ಯಾರ. ಕಣ್ಣು ಕಾಣದ ಅಲ್ಲಿ ಏನ್ ಬರೀತಾರ?"

ಅಂದಿನಿಂದ ಆ ಚಸ್ಮಾದ ಡಬ್ಬಿ ದೊಡ್ಡವ್ವನ ಎಡಗೈಯನ್ನು ಸೇರಿತು. ಮುಂದೆ ಅವಳು ಬದುಕಿದ್ದೆಲ್ಲ ಬಲಗೈಯಿಂದಲೇ. ಹಾಲು ಹಿಂಡಲು ಎರಡು ಕೈ ಬೇಕಲ್ಲ, ಆಗ ಡಬ್ಬಿ ಕಂಕುಳಿಗೆ ಏರುತ್ತಿತ್ತು. ಕಂಕುಳೂ ಕೈಯ ಹದ್ದಿನಲ್ಲೇ ಬರುತ್ತದೆ ಎಂದು ಅವಳ ವಾದ. ಎಮ್ಮೆಯ ಹಗ್ಗ ಹಿಡಿದಾಗ ಪ್ರಾಣ ಹೋದರೆ ಎಮ್ಮೆಯೂ ಬರುತ್ತದೆಯೇ ಎಂದು ನಾನು ಕೆಣಕಿದ್ದೆ.

"ಹಗ್ಗ ಬರ್ತದ, ಎಮ್ಮಿ ಬರಂಗಿಲ್ಲ. ಅದರ ಟೈಮ್ ಅದಕ್ಕ ಬ್ಯಾರೆ ಅದ," ಎಂದಳು.

ನಾನು ರಾಯಚೂರಿನ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಹೇಳಿಕೊಡುವವಳು. ಇಷ್ಟು ಖಚಿತವಾದ ಉತ್ತರವನ್ನು ನನ್ನ ವಿದ್ಯಾರ್ಥಿಗಳು ಇವತ್ತಿಗೂ ಕೊಟ್ಟಿಲ್ಲ.

ಮಾನ್ವಿಯಲ್ಲಿ ನನ್ನ ತಮ್ಮನ ಮದುವೆಯಾಯಿತು. ದೊಡ್ಡವ್ವ ಮುಂದಿನ ಸಾಲಿನಲ್ಲಿ ನಿಂತಿದ್ದಳು, ಬಲಗೈಯಲ್ಲಿ ಅಕ್ಕಿಕಾಳು, ಎಡಗೈಯಲ್ಲಿ ಡಬ್ಬಿ. ಬಾಜಾಬಜಂತ್ರಿ ಒಮ್ಮೆಲೇ ಜೋರಾಯಿತು ನೋಡಿ, ಎಲ್ಲರೂ ಕಾಳು ಎಸೆದರು. ಅವಳಿಗೂ ಹುರುಪು ಬಂದು ಕೈ ಬೀಸಿದಳು. ಬೀಸಿದ್ದು ಎಡಗೈ! ಡಬ್ಬಿ ಹಾರಿ ತಮ್ಮನ ಬಾಸಿಂಗಕ್ಕೆ ಬಡಿದು ಮದುಮಗಳ ಸೆರಗಿನಲ್ಲಿ ಮಾಯವಾಯಿತು. ಬಾಸಿಂಗ ಇಲ್ಲದಿದ್ದರೆ ಹಣೆ ಒಡೆಯುತ್ತಿತ್ತು. ಡಬ್ಬಿ ಸಿಗುವ ತನಕ ದೊಡ್ಡವ್ವ ಯಾರನ್ನೂ ಅಲುಗಾಡಲು ಬಿಡಲಿಲ್ಲ. ಹೀಗಾಗಿ ತಾಳಿ ಹಿಡಿದುಕೊಂಡು ತಮ್ಮ ಹಾಗೇ ಕೂತಿದ್ದ. ನಮ್ಮವ್ವ ಸಿಟ್ಟಿನಿಂದ ಕೆಂಪಾಗಿದ್ದಳು.

"ಏನಬೇ ಅಕ್ಕ ಇದು, ಮಂದಿ ನಗಾಕತ್ತಾರ!"

"ನಗಲಿ. ಎಲ್ಲಾರೂ ಅಕ್ಕಿಕಾಳು ಹಾಕ್ಯಾರ, ಅವನ ದೊಡ್ಡಪ್ಪಂದು ಒಂದು ಬ್ಯಾರೆ ಬೀಳಬ್ಯಾಡೇನು?"

ಅಲ್ಲಿಂದ ಅವಳನ್ನು ಊರಿಗೆ ಬಿಡಲು ನಾನೇ ಹೊರಟೆ. ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಕವಿತಾಳ ಇನ್ನೂ ಮುಂದಿದೆ ಎನ್ನುವಾಗ ಕುರಿಹಿಂಡೊಂದು ಅಡ್ಡ ಬಂದು ಡ್ರೈವರ್ ಗಕ್ಕನೆ ಬ್ರೇಕ್ ಹಾಕಿದ. ಎಲ್ಲರೂ ಯವ್ವಾ ಯಪ್ಪಾ ಎನ್ನುತ್ತ ಕೈಗೆ ಸಿಕ್ಕದ್ದನ್ನು ಹಿಡಿದುಕೊಂಡರು. ಪಕ್ಕದಲ್ಲಿ ನಿಂತಿದ್ದ ದೊಡ್ಡ ಮೀಸೆಯ ಗಂಡಸೊಬ್ಬನಿಗೆ ಸಿಕ್ಕದ್ದು ದೊಡ್ಡವ್ವನ ಬಲಗೈ. ಬಸ್ಸು ಹೊರಳುತ್ತದೋ ಏನೋ ಎನ್ನುವ ಆ ಗಳಿಗೆಯಲ್ಲಿ ಅವಳ ದನಿ ಕುರಿಗಳ ದನಿಗಿಂತ ಮೇಲೆದ್ದು ಕೇಳಿತು.

"ಏ ಬಿಡಪ್ಪೋ, ಕೈ ಬಿಡು! ನಿನ್ನ ಕರ್ಕೊಂಡು ಹೋದ್ರ ಅಲ್ಲಿ ಮಾಸ್ತರಿಗೆ ಏನಂತ ಹೇಳ್ಲಿ?"

ಆ ಪುಣ್ಯಾತ್ಮ ತಲೆಬುಡ ತಿಳಿಯದಿದ್ದರೂ ಕ್ಷಮೆ ಕೇಳಿದ. ಮುಂದಿನ ಸ್ಟಾಪಿನಲ್ಲಿ ಇಳಿದು ಹಿಂದಿನ ಬಾಗಿಲಿನಿಂದ ಹತ್ತಿಕೊಂಡ. ನಾನು ಈ ಹೆಂಗಸಿಗೂ ನನಗೂ ಸಂಬಂಧವಿಲ್ಲ ಎನ್ನುವಂತೆ ಕಿಟಕಿಯ ಹೊರಗೆ ತೊಗರಿ ಹೊಲ ನೋಡುತ್ತ ಕೂತೆ.

ಸುದ್ದಿ ಓಣಿಯಲ್ಲಿ ಹರಡಿದ ಮೇಲೆ ದೊಡ್ಡವ್ವನ ಮನೆಗೆ ಗಿರಾಕಿಗಳು ಬರತೊಡಗಿದರು. ತೀರಿಕೊಂಡ ತನ್ನ ತಾಯಿಗೆ ಒಂದು ತಂಬಾಕಿನ ಪೊಟ್ಟಣ ಒಯ್ಯೆಂದು ಒಬ್ಬಳು ಕೇಳಿದಳು. ಅಣ್ಣತಮ್ಮಂದಿರ ಹೊಲದ ತಂಟೆಯಲ್ಲಿದ್ದ ಇನ್ನೊಬ್ಬ ಕಾಗದವನ್ನೇ ಹಿಡಿದುಕೊಂಡು ಬಂದ. "ನಮ್ಮಜ್ಜನ ಹೆಬ್ಬೆಟ್ಟು ಒಂದು ಹಾಕಿಸ್ಕೊಂಡು ಬರಾಕ ಆಗ್ತದೇನ ಯವ್ವಾ?"

"ಹೋಗಾಕ ಬಸ್ ಅದಪ್ಪ. ಬರಾಕ ಇಲ್ಲ."

ತಂಬಾಕಿನವಳಿಗೂ ಇಲ್ಲವೆಂದಳು. "ನನಗಿರೂವು ಎರಡ ಕೈ. ಒಂದ್ರಾಗ ಚಸ್ಮಾ. ಇನ್ನೊಂದು ರಿಕಾಮಿ, ಖಾಲಿ ಇರಬೇಕು. ಹೋದ ಮ್ಯಾಲ ಅವರ ಕೈ ಹಿಡೀಬೇಕಲ್ಲ?"

ಇದೆಲ್ಲ ನಗುವ ಮಾತಾಗಿಯೇ ನಡೆಯುತ್ತಿತ್ತು. ಹೋದ ಬೇಸಿಗೆಯಲ್ಲಿ ಅವಳಿಗೆ ಹೊಟ್ಟೆನೋವು ಶುರುವಾಯಿತು. ರಾಯಚೂರಿಗೆ ಕರೆತಂದು ದವಾಖಾನೆಗೆ ಸೇರಿಸಿದೆ. ಸ್ಕ್ಯಾನಿಂಗ್ ನೋಡಿದ ಡಾಕ್ಟರು ತೆಲುಗು ಬೆರೆಸಿದ ಕನ್ನಡದಲ್ಲಿ, ಪಿತ್ತಕೋಶದಲ್ಲಿ ಕಲ್ಲುಗಳಿವೆಯಮ್ಮಾ ಎಂದರು.

"ರಾಯಚೂರಾಗ ಕಲ್ಲಿಲ್ಲದ ಜಾಗಾ ಯಾವುದದ ತೋರಸ್ರಿ," ಎಂದಳು ದೊಡ್ಡವ್ವ.

ಡಾಕ್ಟರು ನಕ್ಕರು. ನನ್ನನ್ನು ಹೊರಗೆ ಕರೆದು ಮಾತ್ರ ನಗದೆ ಹೇಳಿದರು: ಚೀಲ ಬಾತುಕೊಂಡಿದೆ, ಒಡೆದರೆ ಜೀವಕ್ಕೆ ಅಪಾಯ, ನಾಳೆಯೇ ಆಪರೇಷನ್ ಆಗಬೇಕು.

ಮರುದಿನ ಬೆಳಿಗ್ಗೆ ಅವಳಿಗೆ ಹಸಿರು ಅಂಗಿ ತೊಡಿಸಿದರು. ಕಿವಿಯದು ಬಿಚ್ಚಿಕೊಟ್ಟಳು, ಕೊರಳ ಸರ ಕೊಟ್ಟಳು, ಕಟ್ಟಿಸಿಕೊಂಡ ಎರಡು ಹಲ್ಲನ್ನೂ ಕೊಟ್ಟಳು. ಸಿಸ್ಟರ್ ಡಬ್ಬಿಗೆ ಕೈ ಹಾಕಿದಾಗ ಮುಷ್ಟಿ ಬಿಗಿಯಾಯಿತು.

"ಒಳಗ ಏನೂ ಒಯ್ಯಂಗಿಲ್ಲ ಅಮ್ಮಾ. ಬರಿಗೈಲೆ ಬರಬೇಕು," ಎಂದಳು ಆ ಹುಡುಗಿ.

ಎಲ್ಲ ಬಿಟ್ಟು ಆ ಶಬ್ದವನ್ನೇ ಆಡಬೇಕೇ! ದೊಡ್ಡವ್ವ ಗಾಲಿ ಮಂಚದಿಂದ ಇಳಿದು, ಹಸಿರು ಅಂಗಿಯಲ್ಲೇ ವಾರ್ಡಿಗೆ ಹೊರಟಳು. ಡಾಕ್ಟರು ಬಂದು ಸೋಂಕಿನ ಬಗ್ಗೆ ತಿಳಿಸಿ ಹೇಳಿದರು. ಅವಳು ತಲೆಯಾಡಿಸುತ್ತ ಎಲ್ಲ ಕೇಳಿ, ನಿಮ್ಮ ಮಾತು ಖರೇ ಅದ, ಆದ್ರ ನಾ ಬರಂಗಿಲ್ಲ ಎಂದಳು. ಮರುದಿನ ಮಧ್ಯಾಹ್ನದ ತನಕ ನೋಡೋಣ, ಅದಕ್ಕಿಂತ ತಡ ಮಾಡಿದರೆ ತಾನು ಜವಾಬ್ದಾರನಲ್ಲ ಎಂದು ಡಾಕ್ಟರು ನನಗೆ ಹೇಳಿ ಹೋದರು.

ನನಗೆ ತಡೆಯಲಾರದ ಸಿಟ್ಟು ಬಂತು. "ಒಂದು ಹರಕು ಪುಸ್ತಕದ ಮಾತು ಕೇಳಿ ಸಾಯ್ತೀಯೇನು?" ಎಂದು ಕೂಗಿದೆ. ಅವಳು ದಿಂಬಿನ ಕೆಳಗಿಂದ ಕೀಲಿಕೈ ತೆಗೆದು ನನ್ನ ಕೈಗಿಟ್ಟಳು.

"ಪುಸ್ತಕ ಓದದ ಮಾತಾಡಬ್ಯಾಡ. ಟ್ರಂಕಿನಾಗ ಅದ. ಓದಿ ಬಾ."

ಹೋದೆ. ಬೆಳಗಿನ ಮೊದಲ ಬಸ್ಸಿಗೆ ದೇವದುರ್ಗಕ್ಕೆ ಹೋಗಿ, ಟ್ರಂಕು ತೆಗೆದು, ಮರಳುವ ಬಸ್ಸಿನಲ್ಲೇ ಕೂತು ಓದತೊಡಗಿದೆ. ಅದರಲ್ಲಿ ಏನಾದರೂ ರಿಯಾಯಿತಿ ಸಿಗುತ್ತದೆ, ಅದನ್ನೇ ತೋರಿಸಿ ಒಪ್ಪಿಸೋಣ ಎಂದು ನನ್ನ ಲೆಕ್ಕಾಚಾರ. ಎರಡನೆಯ ಅಧ್ಯಾಯದಲ್ಲಿ ರಿಯಾಯಿತಿಗಿಂತ ದೊಡ್ಡದೇ ಸಿಕ್ಕಿತು. ಅಲ್ಲಿ ಅಚ್ಚಾಗಿದ್ದ ಸಾಲು ಹೀಗಿತ್ತು: 'ಅಲ್ಲಿಗೆ ಬಂದವರೆಲ್ಲ ಬರಿಗೈಯಲ್ಲೇ ಬಂದಿದ್ದರು.'

ಅಂದರೆ ಕಾಯಿದೆಯೇ ಇಲ್ಲ! ಹತ್ತು ವರ್ಷ ನಮ್ಮ ದೊಡ್ಡವ್ವ ಇಲ್ಲದ ಕಾಯಿದೆಗೆ ಒಂದು ಕೈಯನ್ನು ಅಡವಿಟ್ಟಿದ್ದಳು! ಗೆದ್ದೆ ಎಂದುಕೊಂಡು ಪುಟವನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಆಗ ಕಂಡಿತು. ಕಾಲ ಕಳೆದು ಮಾಸಿದ್ದ ಕೆಂಪು ಶಾಯಿಯಲ್ಲಿ 'ಬರಿಗೈಯಲ್ಲೇ' ಎಂಬುದಕ್ಕೆ ಅಡ್ಡಗೆರೆ ಎಳೆದು, ಮೇಲೆ ದುಂಡಗಿನ ಅಕ್ಷರದಲ್ಲಿ 'ಕೈಯಲ್ಲಿದ್ದುದನ್ನು ಹಿಡಿದೇ' ಎಂದು ಬರೆದಿತ್ತು. ಪಕ್ಕದಲ್ಲಿ ದೊಡ್ಡಪ್ಪನ ಸಣ್ಣ ಸಹಿ. ಮಕ್ಕಳ ಕಾಪಿ ತಿದ್ದಿದಂತೆ ನಮ್ಮ ದೊಡ್ಡಪ್ಪ ಪುಸ್ತಕವನ್ನೇ ತಿದ್ದಿದ್ದರು. ಕೊನೆಯ ಪುಟ ತಿರುಗಿಸಿದರೆ ಅಲ್ಲಿ ಷರಾ ಬೇರೆ: 'ಹತ್ತಕ್ಕೆ ಒಂಬತ್ತು. ಒಂದು ತಪ್ಪಿತ್ತು. ತಿದ್ದಿದೆ.'

ದವಾಖಾನೆಗೆ ಬಂದು ಅವಳ ಹಾಸಿಗೆಯ ಮೇಲೆ ಕೂತೆ. ಗೆದ್ದ ಉತ್ಸಾಹ ಅರ್ಧ ಇಳಿದಿತ್ತು.

"ದೊಡ್ಡವ್ವಾ, ಪುಸ್ತಕದಾಗ ನೀ ಹೇಳಿದಂಗ ಇಲ್ಲ."

"ಗೊತ್ತದ."

"ಗೊತ್ತದ? ಹ್ಯಾಂಗ?"

"ಅವರು ಹೋದ ಮ್ಯಾಲ ಓದಾಕ ಕಲ್ತೀನಿ. ಪಕ್ಕದ ಮನಿ ಸೊಸಿ ದಿನಾ ಅಂಗಳ ಗುಡಿಸಿ ಒಂದು ತಾಸು ಕಲಿಸ್ತಾಳ. ಬರೇ ಕಸಕ್ಕ ಯಾರರ ಚರಿಗಿ ತುಂಬ ಮಜ್ಜಿಗಿ ಕೊಡ್ತಾರೇನು?"

ಅವಳು ಡಬ್ಬಿಯ ಮೇಲೆ ಹೆಬ್ಬೆರಳು ಆಡಿಸುತ್ತ ಹೇಳಿದಳು.

"ಅವರು ಆ ಪುಟ ಮದಲನೇ ಸಲ ಓದಿದಾಗ ಬರಿಗೈಲೆ ಬಂದ್ರು ಅಂತನ ಓದಿದ್ರು. ನಾ ಮೊರ ಕೆಳಗಿಟ್ಟು ಜಗಳಕ್ಕ ನಿಂತೆ. ಇದೆಂಥಾ ಊರ್ರೀ, ಇದೆಂಥಾ ಮಂದಿ, ಬರಿಗೈಲೆ ಹ್ಯಾಂಗ ಹೋಗ್ತಾರ, ನಾಚಿಕಿ ಇಲ್ಲೇನು ಅಂದೆ. ಅವತ್ತು ಸುಮ್ಮನಾದ್ರು. ಮರುದಿನ, ನಿನ್ನೆ ನಾನ ತಪ್ಪು ಓದಿದ್ದೆ, ಬರೋಬ್ಬರಿ ಹಿಂಗದ ಅಂತ ಓದಿ ಹೇಳಿದ್ರು. ನಾ ನಂಬಿದ್ದೆ. ಓದಾಕ ಬಂದ ಮ್ಯಾಲ ನೋಡ್ತೀನಿ, ನನ್ನ ಸಲುವಾಗಿ ಪುಸ್ತಕ ತಿದ್ದ್ಯಾರ, ಬೇ."

"ಮತ್ತ ಗೊತ್ತಿದ್ದೂ ಯಾಕ ಹಟ ಮಾಡ್ತೀ? ಅಚ್ಚಾಗಿದ್ದು ಬ್ಯಾರೆ ಅದ ಅಲ್ಲ?"

ದೊಡ್ಡವ್ವ ನನ್ನನ್ನು ದಡ್ಡ ಹುಡುಗಿಯನ್ನು ನೋಡುವಂತೆ ನೋಡಿದಳು.

"ಕಾಲೇಜಿನಾಗ ಪಾಠ ಮಾಡ್ತೀ, ಇಷ್ಟು ತಿಳಿಯಂಗಿಲ್ಲೇನು? ಮಾಸ್ತರು ತಿದ್ದಿದ ಮ್ಯಾಲ ತಿದ್ದಿದ್ದನ್ನ ಓದಬೇಕು. ತಪ್ಪು ಓದಬಾರದು."

ಗೋಡೆಯ ಗಡಿಯಾರದಲ್ಲಿ ಹನ್ನೊಂದೂವರೆ. ನಾನು ಬ್ಯಾಗು ತೆರೆದೆ. ಉತ್ತರಪತ್ರಿಕೆ ನೋಡುವ ಕೆಂಪು ಪೆನ್ನು ಅದರಲ್ಲಿ ಯಾವಾಗಲೂ ಇರುತ್ತದೆ. ಪುಸ್ತಕವನ್ನು ಮೊಣಕಾಲ ಮೇಲಿಟ್ಟುಕೊಂಡು, ದೊಡ್ಡಪ್ಪನ ಅಕ್ಷರಗಳ ಪಕ್ಕದಲ್ಲಿ ಹಂಸಪಾದ ಹಾಕಿ ಸೇರಿಸಿದೆ: 'ಇಲ್ಲವೇ ತಮ್ಮವರು ಹಿಡಿದು ನಿಂತದ್ದನ್ನು'.

ದೊಡ್ಡವ್ವ ಒಂದೊಂದೇ ಅಕ್ಷರದ ಕೆಳಗೆ ಬೆರಳಿಟ್ಟು, ಕೂಡಿಸಿ ಕೂಡಿಸಿ ಓದಿದಳು. ಎರಡು ಸಲ ಓದಿದಳು.

"ನಿನ್ನ ಅಕ್ಷರ ಅವರಷ್ಟು ಚಂದ ಇಲ್ಲ."

"ಇಲ್ಲ."

"ಆದ್ರ ನೀ ಕಾಲೇಜಿನಾಕಿ. ಸಾಲಿ ಮಾಸ್ತರಕಿಂತ ಒಂದು ಮೆಟ್ಟಲ ಮ್ಯಾಲ." ಶಾಯಿ ಆರಿದೆಯೇ ಎಂದು ಬೆರಳಿನಿಂದ ಮುಟ್ಟಿ ನೋಡಿದಳು. "ನಡೀತದ. ಸಹಿ ಮಾಡು."

ಮಾಡಿದೆ. ಅವಳು ಡಬ್ಬಿಯನ್ನು ನನ್ನ ಎಡಗೈಯಲ್ಲಿಟ್ಟು, ಬೆರಳುಗಳನ್ನು ತಾನೇ ಒಂದೊಂದಾಗಿ ಮಡಚಿದಳು. "ನಾ ಹೊರಗ ಬರೂತನಕ ಕೆಳಗಿಡಬ್ಯಾಡ. ನಾ ಬರಲಿಲ್ಲಂದ್ರನೂ ಇಡಬ್ಯಾಡ, ನಾ ಅಲ್ಲಿ ಮುಟ್ಟೂತನಕ ಹಿಡ್ಕೊಂಡಿರು," ಎಂದಳು. ಆಮೇಲೆ ಎರಡೂ ಅಂಗೈಯನ್ನು ಸಿಸ್ಟರ್‌ಗೆ ತೋರಿಸಿ, "ನಡಿಯವ್ವ, ಬರಿಗೈ ಅದಾವ," ಎಂದು ಗಾಲಿ ಮಂಚ ಏರಿದಳು.

ಎರಡು ತಾಸು ಆ ಬಾಗಿಲ ಮುಂದೆ ಕೂತಿದ್ದೆ. ಇಂಥದನ್ನೆಲ್ಲ ನಾನು ನಂಬುವವಳಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಸತ್ತ ಮೇಲೆ ನಾವೆಲ್ಲ ಇಂಗಾಲ, ಸುಣ್ಣ, ನೀರು. ಆದರೂ ಡಬ್ಬಿ ಬಿಡಲಿಲ್ಲ. ಯಾರೋ ಕಾಗದಕ್ಕೆ ಸಹಿ ಬೇಕೆಂದು ಬಂದರು, ಡಬ್ಬಿ ಹಿಡಿದ ಕೈಯಿಂದಲೇ ಕಾಗದ ಒತ್ತಿ ಹಿಡಿದು ಗೀಚಿಕೊಟ್ಟೆ. ಮಾನ್ವಿಯಿಂದ ಅವ್ವ ಫೋನ್ ಮಾಡಿದಳು, ಎತ್ತಲಿಲ್ಲ. ಯಾರೋ ಚಹಾ ತಂದುಕೊಟ್ಟರು, ಅದು ಆರಿ ಕೆನೆಗಟ್ಟಿತು. ಅಂಗೈ ಬೆವತು ಡಬ್ಬಿ ಜಾರುವಂತಾಯಿತು. ಎರಡೂ ಕೈಯಿಂದ ಅವುಚಿ ಹಿಡಿದು ಅತ್ತುಬಿಟ್ಟೆ.

ಹೊರಗೆ ಬಂದಳು. ಡಾಕ್ಟರು ಸಣ್ಣ ಶೀಶೆಯಲ್ಲಿ ಏಳು ಕಲ್ಲು ತೋರಿಸಿದರು. ಮಂಪರು ಇಳಿದು ಕಣ್ಣು ತೆರೆದವಳು ಮೊದಲು ನನ್ನ ಎಡಗೈ ನೋಡಿದಳು.

"ಕೆಳಗಿಟ್ಟಿದ್ದೇನು?"

"ಇಲ್ಲ."

"ಚಹಾ ಕುಡದಿ?"

"ಇಲ್ಲ ದೊಡ್ಡವ್ವಾ."

"ಹುಚ್ಚಿ. ಇನ್ನೊಂದು ಕೈ ರಿಕಾಮಿ ಇತ್ತಲ್ಲ."

ಊರಿಗೆ ಹೊರಡುವ ದಿನ ಡಬ್ಬಿ ಕೊಡಹೋದರೆ ಅವಳು ತೆಗೆದುಕೊಳ್ಳಲಿಲ್ಲ. "ನಿನ್ನ ಹತ್ರನ ಇರ್ಲಿ. ತಿದ್ದುಪಡಿ ಆಗ್ಯದ ಅಲ್ಲ? ಎಷ್ಟು ವರ್ಷ ಒಂದ ಕೈಲೆ ಬದುಕ್ಲಿ?" ಎಂದಳು. ಈಗ ಅವಳು ಎರಡೂ ಕೈಯಿಂದ ಹಾಲು ಹಿಂಡುತ್ತಾಳೆ, ತನ್ನ ಅಂಗಳ ತಾನೇ ಗುಡಿಸುತ್ತಾಳೆ. ಜೀವ ಹೋಗುವಂತಾದರೆ ಕಸಬರಿಗೆ ಎಸೆಯುವಷ್ಟು ಪುರಸೊತ್ತು ಸಿಕ್ಕೇ ಸಿಗುತ್ತದೆಂದು ಹೊಸ ನಂಬಿಕೆ. ಪಕ್ಕದ ಮನೆಯ ಸೊಸೆಗೆ ಮಜ್ಜಿಗೆ ನಿಂತಿಲ್ಲ. ಇಬ್ಬರೂ ಎರಡನೆಯ ಪುಸ್ತಕ ಹಿಡಿದಿದ್ದಾರೆ.

ಕಾಲೇಜಿನಲ್ಲಿ ನನ್ನ ಹೆಸರು ಈಗ ಚಸ್ಮಾ ಮೇಡಂ. ನಾನು ಚಸ್ಮಾ ಹಾಕುವುದಿಲ್ಲ. ಬಲಗೈಯಲ್ಲಿ ಪ್ರನಾಳ, ಎಡಗೈಯಲ್ಲಿ ಡಬ್ಬಿ ಹಿಡಿದು ಪ್ರಯೋಗ ತೋರಿಸುವವಳಿಗೆ ಮಕ್ಕಳು ಬೇರೆ ಏನೆಂದು ಹೆಸರಿಟ್ಟಾರು? ಮನೆಗೆ ಬಂದ ಮೇಲೆ ಅದನ್ನು ಫೋನಿನ ಪಕ್ಕದಲ್ಲೇ ಇಡುತ್ತೇನೆ. ದೇವದುರ್ಗದ ನಂಬರಿನಿಂದ ಕರೆ ಬಂದಾಗೆಲ್ಲ ನನಗೆ ಹೆದರಿಕೆಯಾಗುತ್ತದೆ. ಹೆಚ್ಚಾಗಿ ಎಮ್ಮೆಯ ಸುದ್ದಿಯೇ ಇರುತ್ತದೆ. ಆದರೂ ಮೊದಲು ಚಸ್ಮಾದ ಡಬ್ಬಿಯನ್ನು ಎಡಗೈಯಲ್ಲಿ ಗಟ್ಟಿಯಾಗಿ ಹಿಡಿದುಕೊಳ್ಳುತ್ತೇನೆ. ಹಲೋ ಎನ್ನುವುದು ಆಮೇಲೆ.